ಹಾಳೆಯ ಮೂಲೆಯ ಗುರುತು

ಎರಡು ವರ್ಷದ ಹಿಂದಿನ ಮಾತು. ಚಿತ್ರದುರ್ಗದ ನಮ್ಮ ಕಾಲೇಜಿನ ಎಂ.ಎ. ವಿಭಾಗಕ್ಕೆ ಮೊದಲ ಸಲ ಮಹಿಳೆಯೊಬ್ಬರು ಮುಖ್ಯಸ್ಥೆಯಾದರು. ಅದು ನಾನೇ. ಅದೇ ವರ್ಷ ಕೃತಕ ಬುದ್ಧಿಮತ್ತೆಯ ನೈತಿಕ ಬಳಕೆ ಎಂಬ ಹೊಸ ವಿಷಯ ಪಠ್ಯಕ್ಕೆ ಸೇರಿತು. ಎಐ ಬರೆದದ್ದನ್ನು ತಮ್ಮದೆಂದು ಕೊಟ್ಟರೆ ಸೊನ್ನೆ ಎಂಬ ನಿಯಮ ಬರೆದವಳೂ ನಾನೇ. "ಮೇಡಂ ಕೈಲಿ ಇದೆಲ್ಲ ಆಗ್ತೈತಾ?" ಎಂದು ಸ್ಟಾಫ್ ರೂಮಿನಲ್ಲಿ ನಕ್ಕದ್ದು ಕಿವಿಗೆ ಬಿದ್ದಿತ್ತು. ಯಾರಿಗೂ ರಿಯಾಯಿತಿ ಇಲ್ಲವೆಂದು ಅವತ್ತೇ ಹಟ ತೊಟ್ಟೆ.

ಮೊದಲು ಸಿಕ್ಕಿಬಿದ್ದವಳು ಮಂಜುಳಾ, ಧರ್ಮಪುರದ ಕಡೆಯ ಕುರಿಗಾರರ ಮಗಳು. ಅವಳ ಪ್ರಬಂಧ ಎಐ ಬರೆದದ್ದು ಎಂದು ಪರೀಕ್ಷಿಸುವ ತಂತ್ರಾಂಶ ಹೇಳಿತು. ಅಷ್ಟು ಚೆಂದದ ಇಂಗ್ಲಿಷ್ ಅವಳದಿರಲಾರದು ಎಂದು ನನಗೂ ಅನ್ನಿಸಿತ್ತು. ತರಗತಿಯಲ್ಲೇ ಎಬ್ಬಿಸಿ ನಿಲ್ಲಿಸಿದೆ.

"ನಾನೇ ಬರ್ದಿದ್ದು ಮೇಡಂ. ನೋಟ್ಸ್ ಐತೆ, ತೋರುಸ್ತೀನಿ."

"ಕತೆ ಬೇಡ, ಕೂತ್ಕೋ," ಎಂದು ಸೊನ್ನೆ ಹಾಕಿದೆ. ಅವಳ ಪ್ರಬಂಧದ ಪ್ರತಿ ಹಾಳೆಯ ಮೂಲೆಯಲ್ಲೂ ಕತ್ತರಿಯಿಂದ ಸಣ್ಣಗೆ ಕೊಯ್ದ ಗುರುತಿತ್ತು. ನೀಟಾಗಿ ಕೊಡಲೂ ಬರುವುದಿಲ್ಲವೇ ಎಂದು ಅದಕ್ಕೂ ಬೈದೆ. ಮರುದಿನದಿಂದ ಅವಳು ಬರಲಿಲ್ಲ. "ಮೇಡಂ ಭಾಳ ಖಡಕ್ ಕಣ್ರಿ," ಎಂದು ಸ್ಟಾಫ್ ರೂಮಿನಲ್ಲಿ ಹೊಗಳಿದರು. ನಾನು ಹಿಗ್ಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ತಿಂಗಳ ನಂತರ, ಪಾಠದಲ್ಲಿ ಉದಾಹರಣೆ ತೋರಿಸಲೆಂದು ನನ್ನದೇ ಪಿಎಚ್‌.ಡಿ. ಪ್ರಬಂಧದ ಕೆಲವು ಪುಟಗಳನ್ನು ಅದೇ ತಂತ್ರಾಂಶಕ್ಕೆ ಹಾಕಿದೆ. ಇಂಥ ಎಐ ಬರುವ ಎಷ್ಟೋ ವರ್ಷ ಮೊದಲು, ರಾತ್ರಿ ಹಗಲು ಕೂತು ಬರೆದದ್ದು. ಅದನ್ನೂ ಎಐ ಬರಹ ಎಂದಿತು. ಮಂಜುಳಾಳ ಹಾಳೆಗಳನ್ನು ಹುಡುಕಿ ತೆಗೆದೆ.

ಮರುದಿನವೇ ಧರ್ಮಪುರದ ಬಸ್ ಹತ್ತಿದೆ. ಮಂಜುಳಾಳ ಅಪ್ಪ ಕುರಿಹಟ್ಟಿಯ ಮುಂದೆ ಕಲ್ಲಿನ ಮೇಲೆ ಟವಲು ಹಾಸಿ "ಕುಂತ್ಕಳ್ರಿ" ಎಂದರು. ನಾನು ತೋರಿಸಿದ ಹಾಳೆಗಳನ್ನು ನೋಡಿ ಒಂದು ಕುರಿಯ ಕಿವಿ ಎತ್ತಿ ತೋರಿಸಿದರು. ಅದೇ ಕೊಯ್ತ, ಅದೇ ಆಕಾರ.

"ಇವು ನಮ್ಮವು ಅಂತ ಹಿಂಗೆ ಗುರುತು ಹಾಕ್ತೀವ್ರಿ. ಸ್ವಂತ ಬರ್ದಿದ್ದಕ್ಕೆಲ್ಲ ಅವಳೂ ಹಿಂಗೇ ಮಾಡ್ತಾಳೆ."

ಮಂಜುಳಾ ಬಾಗಿಲಲ್ಲಿ ನಿಂತಿದ್ದಳು. "ತಪ್ಪಾಯ್ತಮ್ಮ, ಅಂಕ ತಿದ್ದಿಸ್ತೀನಿ, ಬಾ," ಎಂದೆ.

"ನಿಮ್ಮನ್ನ ನೋಡೇ ಲೆಕ್ಚರರ್ ಆಗ್ಬೇಕು ಅಂದ್ಕಂಡಿದ್ದೆ ಮೇಡಂ," ಎಂದಳು. "ಈಗ ಬ್ಯಾಡ."

ಅಂಕ ತಿದ್ದಿಸಿದೆ. ಅವಳು ಬರಲಿಲ್ಲ. ವಿದ್ಯಾರ್ಥಿಯ ಮಾತು ಕೇಳದೆ, ನೋಟ್ಸ್ ನೋಡದೆ ಯಾರನ್ನೂ ತಪ್ಪಿತಸ್ಥರೆನ್ನಬಾರದು ಎಂಬುದು ಈಗ ನಮ್ಮ ಮೊದಲ ನಿಯಮ. ಒಳ್ಳೆಯ ನಿಯಮವೆಂದು ಎಲ್ಲರೂ ಮೆಚ್ಚುತ್ತಾರೆ. ಅದನ್ನು ತರಗತಿಯಲ್ಲಿ ಓದುವಾಗ, ಅವಳು ಕೂರುತ್ತಿದ್ದ ಬೆಂಚಿನ ಕಡೆ ನೋಡಲು ನನಗೆ ಇವತ್ತಿಗೂ ಧೈರ್ಯ ಸಾಲುವುದಿಲ್ಲ.