ಪೆಟ್ಟಿಗೆಯಲ್ಲಿ ಇಲ್ಲದ ಕಾಗದ

ಅಮ್ಮಿನಬಾವಿಯಲ್ಲಿ ಹುಟ್ಟಿ ಉಣಕಲ್ಲಿಗೆ ಸೊಸೆಯಾಗಿ ಬಂದ ಕಾಳವ್ವ ಹನ್ನೊಂದು ವರ್ಷದಿಂದ ದಿನಾ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಮಿಕ್ಸರ್ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಳು. ಪೆಟ್ಟಿಗೆಗೆ ಟೇಪು ಹಚ್ಚುವ ಮೊದಲು ಒಳಗೆ ಬಳಸುವ ವಿಧಾನದ ಕಾಗದ ಇದೆಯೋ ಇಲ್ಲವೋ ನೋಡುವುದು ಅವಳ ಕೆಲಸ. ಮಾತು ಕಡಿಮೆ, ಸಿಟ್ಟು ಬಂದರೆ ಇನ್ನೂ ಕಡಿಮೆ.

ನಲವತ್ತು ದಾಟಿದ ಮೇಲೆ ಅವಳ ಗದ್ದದ ಮೇಲೆ ಕೂದಲು ಬರತೊಡಗಿದವು. ಬಸ್ಸಿನಲ್ಲಿ ಯಾರಾದರೂ ಎದುರಿಗೆ ಕೂತರೆ ಸೆರಗು ತಾನಾಗಿ ಗದ್ದಕ್ಕೆ ಹೋಗುತ್ತಿತ್ತು. ಅದನ್ನು ಗಮನಿಸಿದವಳು ಹಿಂದಿನ ಓಣಿಯ ಭಾಗ್ಯಶ್ರೀ. ಅವಳು ಪ್ರತಿ ರವಿವಾರ ಹೆಣ್ಣುಮಕ್ಕಳನ್ನು ಕೂಡಿಸಿ, ಚಹಾ ಕೊಟ್ಟು, ಮೈಮೇಲೆ ಬೆಳಕು ಹಾಯಿಸಿ ಕೂದಲು ತೆಗೆಯುವ ಮಷೀನು ಮಾರುತ್ತಿದ್ದಳು.

"ನನ್ನಂಥಾ ಕರೇ ಮೈಗೆ ನಡೀತದೇನ್ರಿ?" ಎಂದು ಕಾಳವ್ವ ಕೇಳಿಯೇ ಕೊಂಡಿದ್ದಳು.

"ಬರೇ ಬೆಳಕಲ್ರೀ ಅಕ್ಕಾರ. ಎಲ್ಲಾರಿಗೂ ನಡೀತದ."

ಮೂರನೇ ಸಲಕ್ಕೆ ಗದ್ದ ಸುಟ್ಟಿತು. ಗುಳ್ಳೆ ಎದ್ದು ಒಡೆದು, ಬೆಂಕಿಪೆಟ್ಟಿಗೆಯಷ್ಟಗಲದ ಎರಡು ಕಪ್ಪು ಕಲೆ ಉಳಿದವು. ಚರ್ಮದ ಡಾಕ್ಟರು ನೂರಜಹಾನ ಕನ್ನಡಕ ಏರಿಸಿ ನೋಡಿದರು.

"ಈ ಬೆಳಕು ಕರೇ ಬಣ್ಣ ಹುಡುಕ್ಕೊಂಡು ಹೋಗ್ತದರೀ. ಮೈ ಬೆಳ್ಳಗಿದ್ದು ಕೂದಲು ಕರ್ರಗಿದ್ರ ಬೇರಿಗೆ ಮುಟ್ಟಿ ಕೂದಲು ಕಮ್ಮಿ ಆಗ್ತಾವ. ಅದೂ ಕಾಯಂ ಅಲ್ಲ, ಮತ್ತ ಮತ್ತ ಮಾಡ್ಬೇಕು. ಮೈನೂ ಕರ್ರಗಿದ್ರ ಬಿಸಿ ಚರ್ಮದಾಗ ನಿಂತು ಸುಡ್ತದ. ಪೆಟ್ಟಿಗ್ಯಾಗ ಬಣ್ಣದ ಚಾರ್ಟ್ ಇರ್ತದಲ್ಲ, ನೋಡ್ಲಿಲ್ಲೇನ್ರಿ?"

"ಇರ್ಲಿಲ್ರಿ. ಮಾರಿದಾಕಿನ ಬಾಯಿಲೆ ಹೇಳಿಕೊಟ್ಟಿದ್ಲು."

ಮನೆಗೆ ಬಂದವಳೇ ಪೆಟ್ಟಿಗೆ ತಿರುವಿ ನೋಡಿದಳು. ಮೇಲಿನ ಟೇಪಿನ ಕೆಳಗೆ ಹಳೆಯ ಟೇಪು ಕಿತ್ತ ಗುರುತು. ಅವಳ ಕಣ್ಣಿಗೆ ಅಷ್ಟು ಸಾಕಿತ್ತು. ಯಾರೋ ಬಿಚ್ಚಿ, ಕಾಗದ ತೆಗೆದು, ಮತ್ತೆ ಅಂಟಿಸಿದ್ದರು.

ಕೇಳಲು ಹೋದಾಗ ಭಾಗ್ಯಶ್ರೀ ಒಳಗೂ ಕರೆಯಲಿಲ್ಲ. "ನಿಮ್ಮ ಚರ್ಮನ ಹಂಗದ ಅಂದ್ರ ನಾ ಏನ್ ಮಾಡ್ಲಿ ಅಕ್ಕಾರ? ರೊಕ್ಕ ವಾಪಸ್ ಒಯ್ರಿ."

"ರೊಕ್ಕ ಬ್ಯಾಡ," ಎಂದು ಕಾಳವ್ವ ತಿರುಗಿ ನಡೆದಳು. ಓಣಿ ದಾಟುವಷ್ಟರಲ್ಲಿ ಏನು ಮಾಡಬೇಕೆಂದು ತೀರ್ಮಾನಿಸಿಬಿಟ್ಟಿದ್ದಳು.

ಡಾಕ್ಟರಿಂದ ಆ ಮಷೀನಿನ ಚಾರ್ಟಿನ ಪ್ರಿಂಟು ತೆಗೆಸಿಕೊಂಡು ಲ್ಯಾಮಿನೇಷನ್ ಮಾಡಿಸಿದಳು. ಮುಂದಿನ ರವಿವಾರ ಭಾಗ್ಯಶ್ರೀಯ ಪಡಸಾಲೆಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಕೂತಳು. ಮಷೀನಿನ ವರ್ಣನೆ ಮುಗಿಯುವವರೆಗೆ ಕಾದು, ಸೆರಗು ಸರಿಸಿ ಗದ್ದ ತೋರಿಸಿದಳು. ಆಮೇಲೆ ಪಕ್ಕದವಳ ಮುಂಗೈ ಹಿಡಿದು ಚಾರ್ಟಿನ ಮೇಲಿಟ್ಟಳು. ಅದರಲ್ಲಿನ ಆರು ಬಣ್ಣಗಳಲ್ಲಿ ಕಡೆಯ ಎರಡಕ್ಕೆ ಕೆಂಪು ಅಡ್ಡಗೆರೆ.

"ನಿಮ್ಮದು ಐದನೇದು. ಸುಡ್ತದ."

ಮಂದಿ ಚಹಾ ಅಲ್ಲೇ ಬಿಟ್ಟು ಎದ್ದರು.

ಭಾಗ್ಯಶ್ರೀ ತನ್ನ ಸಭೆಯನ್ನು ವಿದ್ಯಾನಗರಕ್ಕೆ ಒಯ್ದಳು, ಆಮೇಲೆ ಕೇಶ್ವಾಪುರಕ್ಕೆ. ಕಾಳವ್ವ ಛಲೋ ಸೀರೆ ಉಟ್ಟು, ಬಸ್ ಹಿಡಿದು ಅಲ್ಲಿಗೂ ಹೋದಳು. "ಸಾಕ್ ಬಿಡು ಇನ್ನ," ಎಂದ ಗಂಡ ಗಂಗಪ್ಪನ ಜೊತೆ ಎರಡು ದಿನ ಮಾತು ಬಿಟ್ಟಳು.

ಮೂರು ತಿಂಗಳಾದ ಮೇಲೆ ಭಾಗ್ಯಶ್ರೀಯೇ ಮನೆಗೆ ಬಂದಳು. "ಕಾಲಿಗೆ ಬೀಳ್ತೇನಿ ಅಕ್ಕಾರ, ಬಿಟ್ಟುಬಿಡ್ರಿ. ಆ ಕಾಗದ ನಾನ ತಗದಿದ್ದೆ. ನೋಡಿದ್ರ ಯಾರೂ ತಗೊಳ್ತಿರಲಿಲ್ಲ."

"ಕಾಲಿಗೆ ಬೀಳೂದು ಬ್ಯಾಡ. ಫೋನ್ ತಗೀರಿ. ಯಾರ್ಯಾರಿಗೆ ಮಾರೀರಿ, ಅವ್ರಿಗೆಲ್ಲಾ ನನ್ನ ಮುಂದ ಈಗ ಹೇಳಿದ್ದನ್ನ ಹೇಳ್ರಿ."

ಇಪ್ಪತ್ತಾರು ಮಂದಿ. ಸ್ಪೀಕರ್ ಹಾಕಿಸಿ ಕಾಳವ್ವ ಎದುರಿಗೇ ಕೂತಳು. ಕೆಲವರು ಬೈದರು, ಕೆಲವರು ಕೇಳಿ ಕಟ್ ಮಾಡಿದರು. ಫಿರದೋಸ ಎಂಬಾಕೆ, "ನಂದೂ ತೋಳು ಸುಟ್ಟದ. ನಾಚಿಕಿಗೆ ಯಾರಿಗೂ ಹೇಳಿರ್ಲಿಲ್ಲ," ಎಂದಳು. ಭಾಗ್ಯಶ್ರೀ ಅಳತೊಡಗಿದಳು. ಕಾಳವ್ವ ಒಂದು ತಂಬಿಗೆ ನೀರು ತಂದಿಟ್ಟಳು.

"ಕುಡೀರಿ. ಕುಡದು ಮುಂದಿನ ನಂಬರ್ ಹಚ್ರಿ."

ಕಡೆಯ ಫೋನು ಮುಗಿದದ್ದೇ ಭಾಗ್ಯಶ್ರೀ ಎದ್ದಳು. ಚಪ್ಪಲಿ ಮೆಟ್ಟಿಕೊಂಡು, ಯಾರ ಮುಖವನ್ನೂ ನೋಡದೆ ಹೋದಳು. ಕಾಳವ್ವನ ಮನಸ್ಸು ಹಗುರಾಯಿತು ಎಂದರೆ ಸುಳ್ಳಾದೀತು. ಫೋನು ಹಚ್ಚಿಸಲು ಇನ್ನೂ ಹತ್ತು ಮಂದಿ ಇದ್ದಿದ್ದರೆ ಛಲೋ ಇತ್ತು ಎನಿಸಿತು ಅವಳಿಗೆ.