ಗಿರಣಿ ನಿಲ್ಲಿಸಿ ಹೇಳಿದ ಮಾತು

…ಅಥವಾ ಆ ಫೋನ್ ಬಂದಾಗ ಗಿರಣಿ ಓಡುತ್ತಲೇ ಇತ್ತೋ ಏನೋ. ನನ್ನ ನೆನಪಿನಲ್ಲಿ ಅದು ನಿಂತಿದೆ, ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತದೆ. ಅಷ್ಟು ಸ್ಪಷ್ಟವಾಗಿ ಕೇಳುವುದರಿಂದಲೇ ನನಗೆ ಅನುಮಾನ. ಹುಮನಾಬಾದಿನ ಆ ಹಿಟ್ಟಿನ ಗಿರಣಿ ಹಗಲಲ್ಲಿ ನಿಂತದ್ದನ್ನು ನಾನು ಕಂಡದ್ದು ಕರೆಂಟು ಹೋದಾಗ, ಇಲ್ಲವೇ ಅದನ್ನು ನಡೆಸುವ ಅಕ್ಕ ನನಗಾಗಿ ಮಾತು ಹೇಳುವಾಗ. ಮುಷ್ಕರ ಶುರುವಾದ ಮೇಲೆ ಅವರು ಮಾತು ಹೇಳುವುದನ್ನು ಬಿಟ್ಟಿದ್ದರು. ಕರೆಂಟು ಹೋಗಿತ್ತು ಅಂತಲೇ ಇಟ್ಟುಕೊಳ್ಳೋಣ.

ನಾನಿರುವುದು ಬಸವಕಲ್ಯಾಣದಲ್ಲಿ. ನಮ್ಮ ಸೀಮೆಯ ಒಂದು ಮನೆತನದ ಕತೆ ಧಾರಾವಾಹಿಯಾಗಿ, ಕಂತು ಕಂತಾಗಿ ಫೋನಿನ ತೆರೆಯ ಮೇಲೆ ಬರುತ್ತಿತ್ತು. ಅದರ ಚಿತ್ರಕಥೆ ಬೆಂಗಳೂರಿನಿಂದ ಬರುವುದು, ಸಂಭಾಷಣೆ ಬರೆಯುವುದು ನನ್ನ ಕೆಲಸ. ಆದರೆ ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ಕೆಟ್ಟ ನಾಲಿಗೆ ನನ್ನದು. ನನ್ನ ಪುಟಗಳಲ್ಲಿ ಅತ್ತೆ ಸೊಸೆಯರು ಸುದ್ದಿ ಓದಿದಂತೆ ಜಗಳವಾಡುತ್ತಿದ್ದರು. ಅಕ್ಕ ಅವರನ್ನು ಬದುಕಿಸಿದರು. ನನ್ನ ಒಡಹುಟ್ಟಿದವರೇನಲ್ಲ, ಗಿರಣಿಗೆ ಬರುವವರೆಲ್ಲ ಹಾಗೆ ಕರೆಯುವುದರಿಂದ ನನಗೂ ಅಕ್ಕ. ನಾನು ಸಂದರ್ಭವನ್ನು ನಾಲ್ಕು ಸಾಲಿನಲ್ಲಿ ಕಳಿಸುತ್ತಿದ್ದೆ. ಅವರು ಗಿರಣಿಯ ಪಟ್ಟೆ ನಿಲ್ಲಿಸಿ, ಕೈಯ ಹಿಟ್ಟು ಕೊಡವಿ, ಅತ್ತೆಯ ಮಾತು, ಸೊಸೆಯ ಮಾತು, ಗೋಡೆಯಾಚೆ ನಿಂತು ಕೇಳಿಸಿಕೊಳ್ಳುವ ನೆರೆಯವಳ ಮಾತು ಎಲ್ಲವನ್ನೂ ತಾವೇ ಆಡಿ ಫೋನಿನಲ್ಲಿ ಧ್ವನಿ ಕಳಿಸುತ್ತಿದ್ದರು. ನಾನು ಅದನ್ನು ಬರೆದು ಮುಂದೆ ಕಳಿಸುತ್ತಿದ್ದೆ. ತೆರೆಯ ಮೇಲೆ ಸಂಭಾಷಣೆ ಎಂಬಲ್ಲಿ ಒಂದೇ ಹೆಸರು. ನನ್ನದು.

ಬರಹಗಾರರ ಸಂಘ ಮುಷ್ಕರ ಹೂಡಿದಾಗ ನಾನೂ ಪೆನ್ನು ಕೆಳಗಿಟ್ಟೆ. ಯಂತ್ರ ಬರೆದದ್ದನ್ನು ತಂದು ನಮ್ಮ ಮುಂದೆ ಹಾಕಿ ತಿದ್ದಿರಿ ಎನ್ನಬಾರದು, ನಮ್ಮ ಮಾತು ಬದಲಿಸುವ ಮೊದಲು ನಮಗೆ ತೋರಿಸಬೇಕು, ದುಡಿದವರ ಹೆಸರು ತೆರೆಗೆ ಬರಬೇಕು, ಇಂಥವು ಬೇಡಿಕೆಗಳು. ಸಂಘಗಳ ಬಗ್ಗೆ ನನಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೂ ಬೇಡಿಕೆಗಳನ್ನು ಅಕ್ಕನಿಗೆ ಓದಿ ಹೇಳಲು ಬಸ್ಸು ಹಿಡಿದು ಹುಮನಾಬಾದಿಗೆ ಹೋದೆ. ಅಲ್ಲಿರುವಾಗಲೇ ಆ ಫೋನ್ ಬಂತು. ಕಂಪನಿಯ ಮ್ಯಾನೇಜರು. ನನಗಲ್ಲ, ಅಕ್ಕನಿಗೆ. ನಂಬರು ಅವನಿಗೆ ಹೇಗೆ ಸಿಕ್ಕಿತೋ. ಅಕ್ಕ ಸ್ಪೀಕರ್ ಹಾಕಿ ಫೋನನ್ನು ತಕ್ಕಡಿಯ ಮೇಲಿಟ್ಟರು.

“ಅಮ್ಮಾ, ನೀವೇನೂ ಬರೆಯೋದು ಬೇಡ. ಯಾವಾಗಿನ ಥರ ಮಾತಾಡಿ ಕಳ್ಸಿ ಸಾಕು. ಮುಷ್ಕರ ಬರೆಯೋರದ್ದು.”

“ಹೌದ್ರಿ ಸಾಹೇಬ್ರ, ನಾ ಬರ್ಯಾಕಿ ಅಲ್ಲ.”

“ಅದೇ ಹೇಳ್ತಿರೋದು. ನೀವು ಸಂಘದಲ್ಲೂ ಇಲ್ವಲ್ಲ.”

“ಸಂಘದಾಗ ಎಲ್ಲಿರಿ, ಗಿರಣ್ಯಾಗ ಇದ್ದೀನಿ.”

ಡಬ್ಬಿ ಹಿಡಿದು ಸರದಿಯಲ್ಲಿ ಕೂತಿದ್ದ ಮುದುಕಿ ಕೇಳಿದಳು: “ಯಾರ ಯಕ್ಕಾ ಅಂವಾ? ಏನ್ ಬೇಕಂತ?”

“ಮಾತ ಬೇಕಂತ ಬೇ. ಬೆಂಗಳೂರಾಗ ಮುಗದಾವಂತ.”

“ಅಯ್ಯ, ನಮ್ಮ ಸೊಸೀನ್ನ ಕಳಸ್ರಿ. ವರ್ಷ ಆದ್ರೂ ಮುಗ್ಯಾಂಗಿಲ್ಲ!”

ಎಲ್ಲರೂ ನಕ್ಕರು. ನಗು ನಿಲ್ಲುವವರೆಗೂ ಮ್ಯಾನೇಜರು ಕಾದ. ಆಮೇಲೆ, ಒಪ್ಪಿದರೆ ಮುಂದಿನ ಕಂತಿನಿಂದ ನಿಮ್ಮ ಹೆಸರೂ ಹಾಕಿಸುತ್ತೇನೆ ಎಂದ. ನಾನು ತಲೆ ತಗ್ಗಿಸಿದೆ. ಅಷ್ಟು ವರ್ಷ ನಾನು ಕೇಳದೆ ಬಿಟ್ಟದ್ದನ್ನು ಅವನು ಒಂದು ಉಸಿರಿನಲ್ಲಿ ಕೊಡುತ್ತಿದ್ದ. ಅಕ್ಕ ನನ್ನ ಕಡೆ ನೋಡಿದರು ಎಂದು ಬರೆಯಲು ಕೈ ಹೋಗುತ್ತದೆ. ನೋಡಲಿಲ್ಲ, ಜರಡಿ ನೋಡುತ್ತಿದ್ದರು.

“ಈಗ ಬ್ಯಾಡ್ರಿ. ಅವರೆಲ್ಲಾ ಕೆಲಸ ಬಿಟ್ಟು ಕುಂತಾರ. ನಾ ಒಬ್ಬಾಕಿ ಹೆಂಗ ಮಾತಾಡ್ಲಿ? ಇಡ್ತೀನ್ರಿ, ಜ್ವಾಳ ಕಾಯಾಕತ್ತಾವ.”

ಆ ಮುಷ್ಕರ ಅವರಿಗೆ ಏನನ್ನೂ ಕೊಡುವುದಾಗಿರಲಿಲ್ಲ. ಬೇಡಿಕೆಗಳಲ್ಲಿ ಬಾಯಿಂದ ಹೇಳುವವರ ಪ್ರಸ್ತಾಪವೇ ಇರಲಿಲ್ಲ. ಸೋತರೂ ಗೆದ್ದರೂ ಅವರು ಹೊರಗಿನವರೇ. ಆದರೂ ಅಷ್ಟೂ ವಾರ ಒಂದು ಧ್ವನಿಯೂ ಅಲ್ಲಿಂದ ಹೋಗಲಿಲ್ಲ. ಅವರಿಲ್ಲದೆ ತಯಾರಾದ ಒಂದು ಕಂತಿನಲ್ಲಿ ನಮ್ಮ ಕತೆಯ ಅತ್ತೆ ರೊಟ್ಟಿ ಬಡಿಯಲು ಲಟ್ಟಣಿಗೆ ಕೇಳಿದಳು. ಇಲ್ಲಿ ಜೋಳದ ರೊಟ್ಟಿಯನ್ನು ಅಂಗೈಯಲ್ಲಿ ಬಡಿಯುತ್ತಾರೆ. ಗಿರಣಿಯಲ್ಲಿ ಅದನ್ನು ಮತ್ತೆ ಮತ್ತೆ ಹಾಕಿ ನೋಡಿ ನಕ್ಕರಂತೆ.

ಕೊನೆಗೆ ಕಂಪನಿಗಳು ಬಗ್ಗಿದವು. ಹೊಸ ಕರಾರಿನ ಪ್ರತಿ ನನ್ನ ಫೋನಿಗೆ ಬಂತು. ಯಂತ್ರದ ಬರಹವನ್ನು ಗುಟ್ಟಾಗಿ ನಮ್ಮ ತಲೆಗೆ ಕಟ್ಟುವಂತಿಲ್ಲ. ಬದಲಿಸಿದ ಮಾತನ್ನು ಮೊದಲು ನಮಗೆ ತೋರಿಸಬೇಕು. ಓದುತ್ತಾ ಹೋದವನು ಒಂದು ಸಾಲಿನ ಹತ್ತಿರ ನಿಂತೆ: ಮಾತನ್ನು ಕಾಗದದ ಮೇಲೆ ಕಟ್ಟಿದರೂ ಬಾಯಲ್ಲಿ ಕಟ್ಟಿದರೂ ಕಟ್ಟಿದವರು ಬರಹಗಾರರೇ. ಮ್ಯಾನೇಜರು ಅಕ್ಕನಿಗೆ ಮಾಡಿದ ಫೋನಿನ ಕತೆಯನ್ನು ನಾನು ಸಂಘದ ಒಂದಿಬ್ಬರಿಗೆ ಹೇಳಿದ್ದೆ. ಅದರಿಂದ ಆ ಸಾಲು ಬಂತೋ, ಬೇರೆ ಊರಿನ ಬೇರೆ ಅಕ್ಕಂದಿರಿಂದ ಬಂತೋ. ನನ್ನಿಂದಲೇ ಎಂದು ನೆನಪು ಪಟ್ಟು ಹಿಡಿಯುತ್ತದೆ, ನಾನು ಅದಕ್ಕೆ ಕಿವಿಗೊಡುವುದಿಲ್ಲ. ಯಾರೇ ಬರೆಸಿರಲಿ, ಆ ಸಾಲಿಗೆ ಇವತ್ತಿಗೂ ಕೈಮುಗಿಯುತ್ತೇನೆ.

ಹೊಸ ಕಂತು ಬಂದ ದಿನ ಗಿರಣಿಯಲ್ಲಿದ್ದೆ. ಕತೆ ಮುಗಿದ ಕೂಡಲೇ ಹೆಸರುಗಳ ಮೇಲೆ ‘ಮುಂದಿನ ಕಂತು’ ಎಂಬ ಗುಂಡಿ ಬಂದು ಕೂರುತ್ತದೆ. ಅಕ್ಕ ಅದು ಬರುವ ಮೊದಲೇ ಹಿಟ್ಟಿನ ಬೆರಳಿನಿಂದ ಒತ್ತಿ ತೆರೆ ನಿಲ್ಲಿಸಿದರು. ಸಂಭಾಷಣೆ ಎಂಬಲ್ಲಿ ಎರಡು ಹೆಸರು. ಅವರದು ಮೇಲೆ.

“ಇಷ್ಟ ಸಣ್ಣದೇನ್ರಿ ಮಾಸ್ತರ?” ಎಂದರು. ಮತ್ತೆ ಹಾಕಿದರು. ಮತ್ತೆ ನಿಲ್ಲಿಸಿದರು. ಡಬ್ಬಿಯವರು ಕಾದರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಹಳೆಯ ಕಂತುಗಳ ಹೆಸರನ್ನೂ ಸರಿಪಡಿಸಬೇಕೆಂದು ಕರಾರಿನಲ್ಲಿತ್ತು. ಯಾವ ಮಾತು ಯಾರದು ಎಂದು ಗುರುತು ಮಾಡಿ ಇಬ್ಬರೂ ಸಹಿ ಹಾಕಬೇಕು. ಧ್ವನಿಗಳನ್ನು ನಾನು ಬರೆದುಕೊಂಡ ಮೇಲೆ ಫೋನಿನಿಂದ ಅಳಿಸುತ್ತಿದ್ದೆ, ಜಾಗ ಸಾಲದೆ. ಅಕ್ಕನ ಹಳೆಯ ಫೋನು ಕೆಟ್ಟುಹೋಗಿತ್ತು. ಹಾಳೆಗಳನ್ನು ಮುಂದಿಟ್ಟುಕೊಂಡು ಕೂತೆವು. ಆಗ ಅವರು ಹೇಳಿದರು: “ಕಲ್ಲಿನ್ಯಾಗ ಹಿಂದಿನವರ ಹಿಟ್ಟು ಒಂದೀಟ ಉಳದೇ ಉಳೀತದ್ರಿ. ಅದನ್ನ ವಾಪಸ್ ಕೊಡ್ರಿ ಅಂತ ಯಾರ ಬರ್ತಾರ? ಹಾಕ್ರಿ ಸಹಿ.”

ಇದು ನನಗೆ ಬಹಳ ಅನುಕೂಲದ ಮಾತು. ಆದ್ದರಿಂದಲೇ ಇದನ್ನು ಅವರು ನಿಜವಾಗಿ ಆಡಿದರೋ, ನಾನೇ ಅವರ ಬಾಯಿಗೆ ಹಾಕಿದೆನೋ ಎಂದು ಯೋಚಿಸುತ್ತೇನೆ. ಅದೇ ತಾನೆ ನನ್ನ ಕಸುಬು. ಹಾಳೆಯ ತುಂಬ ‘ಇಬ್ಬರದೂ’ ಎಂದು ಬರೆದು ಸಹಿ ಮಾಡಿದೆವು. ಆ ಕಂತುಗಳಲ್ಲಿ ನನ್ನದೇ ಆದ ಒಂದಾದರೂ ಒಳ್ಳೆಯ ಮಾತು ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.