ಬಸುವಿನ ಕೈಗೆ ನೆನಪಿತ್ತು

ಆ ಕ್ಲಿಪ್ಪನ್ನು ಸಡಿಲ ಬಿಟ್ಟವನು ನಾನು. ಬಸು ಅಲ್ಲ.

ಈ ಎರಡು ವಾಕ್ಯಗಳನ್ನು ಆರು ವರ್ಷ ಬಾಯಲ್ಲಿಟ್ಟುಕೊಂಡು ಓಡಾಡಿದ್ದೇನೆ. ಕಾಲೇಜಿನಲ್ಲಿ ದಿನಕ್ಕೆ ಮೂರು ತಾಸು ಮಾತಾಡಿ ಸಂಬಳ ತೆಗೆದುಕೊಳ್ಳುವ ಮನುಷ್ಯ ನಾನು. ಇವೆರಡನ್ನು ಮಾತ್ರ ಆಡಲಾಗಲಿಲ್ಲ. ಬರೆಯುವುದಾದರೂ ಆದೀತೇನೋ ಎಂದು ಕೂತಿದ್ದೇನೆ.

ನಾನು ಚಿಂತೆಯ ಮನುಷ್ಯ. ವಿದ್ಯಾಗಿರಿಯ ಮನೆಯಿಂದ ಹೊರಡುವಾಗ ಗ್ಯಾಸಿನ ನಾಬನ್ನು ಮೂರು ಸಲ ನೋಡುತ್ತೇನೆ, ಬಾಗಿಲ ಕೀಲಿಯನ್ನು ಎಳೆದೆಳೆದು ಪರೀಕ್ಷಿಸುತ್ತೇನೆ, ಓಣಿಯ ತಿರುವಿನವರೆಗೆ ಹೋಗಿ ತಿರುಗಿ ಬರುತ್ತೇನೆ. "ಆ ಕೀಲಿಗೇ ನಿಮ್ಮ ಕಾಟ ಸಾಕಾಗೇತ್ರಿ" ಎನ್ನುತ್ತಾಳೆ ಹೆಂಡತಿ. ಇಷ್ಟು ಜಾಗ್ರತೆಯವನ ಕೈಯಿಂದಲೇ ಇದು ಆದದ್ದು — ಜಾಗ್ರತೆಯಿಂದಲೇ ಆದದ್ದು ಎಂದರೂ ತಪ್ಪಿಲ್ಲ.

ಕಾರು ಅಣ್ಣನದು. ಇಳಕಲ್ಲಿನ ಕಲ್ಲಿನ ಕ್ವಾರಿಗಳಿಗೆ ಲಾರಿ ಹೊಡೆಸುವ ಅಣ್ಣ, ತಾನು ಹೊಸದನ್ನು ತೆಗೆದುಕೊಂಡಾಗ ಹಳೆಯ ಡೀಸೆಲ್ ಕಾರನ್ನು ನನಗೆ ಕೊಟ್ಟ. "ಅವ್ವನ್ನ ಕಡೀ ಸಲ ದವಾಖಾನಿಗೆ ಕರ್ಕೊಂಡ್ ಹೋಗಿದ್ದು ಇದರಾಗ. ಹೆಂಗೈತಿ ಹಂಗ ಇಟ್ಕೋ" ಎಂದಿದ್ದ.

ನಾನು ಹಾಗೆ ಇಟ್ಟುಕೊಳ್ಳಲಿಲ್ಲ. ಒಂದು ದಿನ ಬಾದಾಮಿ ದಾರಿಯ ಏರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗುರ್ರೆಂದು ನನ್ನನ್ನು ಹಿಂದೆ ಹಾಕಿದ. ಮುಂದೆ ಚಹಾದಂಗಡಿಯಲ್ಲಿ ಸಿಕ್ಕು, "ಏರ್ ಫಿಲ್ಟರ್ ಬದಲಿಸೀನ್ರಿ ಸರ" ಎಂದ. ಆ ಸಪ್ಪಳ ತಲೆಯಲ್ಲಿ ಕೂತಿತು. ಐವತ್ತರ ಹತ್ತಿರದ, ಬಿಪಿ ಗುಳಿಗೆಯ ಗಂಡಸಿಗೆ ಇಂಜಿನ್ನಿನ ಹುಲಿಧ್ವನಿ ಬೇಕಾಯಿತು.

ಮೂರು ವಾರ ಮೊಬೈಲಿನಲ್ಲಿ ಓದಿದೆ. ತಂಗಿಗೆ ವರ ನೋಡುವಾಗಲೂ ಇಷ್ಟು ವಿಚಾರಿಸಿರಲಿಲ್ಲ. ಇಂಜಿನ್ನು ಉಸಿರಾಡುವ ಗಾಳಿಯನ್ನು ಸೋಸಲು ಕಂಪನಿಯವರು ಮುಚ್ಚಿದ ಡಬ್ಬಿಯೊಳಗೆ ಕಾಗದದ ಫಿಲ್ಟರ್ ಇಟ್ಟಿರುತ್ತಾರೆ. ಹೊರಗಿನಿಂದ ತಂದು ಹಾಕುವುದರಲ್ಲಿ ಮೂರು ಬಗೆ. ಅದೇ ಡಬ್ಬಿಯಲ್ಲಿ ಕೂಡುವ ಬಟ್ಟೆಯ ಫಿಲ್ಟರ್ ಒಂದು. ಕಾರಿನ ಮುಂಭಾಗದಿಂದ ತಂಪು ಗಾಳಿ ಎಳೆಯುವ ಮುಚ್ಚಿದ ಡಬ್ಬಿಯದು ಇನ್ನೊಂದು. ಮೂರನೆಯದು ಮುಚ್ಚಳವೇ ಇಲ್ಲದೆ ಬಾನೆಟ್ಟಿನ ಕೆಳಗೆ ಬಯಲಿಗೆ ಕೂಡುವ ಶಂಕುವಿನಾಕಾರದ ಫಿಲ್ಟರ್, ಜೊತೆಗೆ ಹೊಳೆಯುವ ಕೆಂಪು ಪೈಪು. ವಹಿಯಲ್ಲಿ ಗೆರೆ ಹೊಡೆದು ಮೂರರ ಗುಣದೋಷ ಬರೆದೆ. ದೂಳಿನ ಸೀಮೆಗೆ ಮೊದಲನೆಯದೇ ಸರಿ ಎಂದು ನನ್ನ ಅಕ್ಷರದಲ್ಲೇ ಬಂತು. ಮೂರನೆಯದನ್ನು ತರಿಸಿದೆ.

ಅದನ್ನು ಹಾಕಿಸಲು ಗುಡೂರಿಗೆ ಹೋದೆ. ಅಲ್ಲಿ ರಸ್ತೆಯ ಪಕ್ಕದಲ್ಲಿ ನನ್ನ ಸಾಲಿಯ ಗೆಳೆಯ ಬಸುವಿನ ಗ್ಯಾರೇಜು. ಅವನು ಶಂಕುವನ್ನು ತಿರುಗಿಸಿ ನೋಡಿದ.

"ಲೇ ಮಾಸ್ತರ, ಏನಿದು, ಲಗ್ನದ ಬ್ಯಾಂಡಿನವರದು ಕದ್ದು ತಂದಿಯೇನ?"

"ಗಾಳಿ ಭಾಳ ಎಳೀತೈತಂತ."

"ಗಾಳೀನೂ ಎಳೀತೈತಿ, ಇಳಕಲ್ಲಿನ ದೂಳೂ ಎಳೀತೈತಿ. ಇಂಜಿನ್ನಿನ ಬಿಸಿ ಗಾಳಿ ಇಂಜಿನ್ನಿಗೇ ಕುಡಸ್ತಿ. ಓಟ ಹೆಚ್ಚಾಗೂದಿಲ್ಲ, ಒದರೂದು ಹೆಚ್ಚಾಗ್ತೈತಿ ಅಷ್ಟ."

ನನಗೆ ಒದರುವುದೇ ಬೇಕಾಗಿತ್ತು. ಬಸು ನಕ್ಕ. ಹಾಕಿಕೊಟ್ಟ — ಒಂದು ಕರಾರಿನ ಮೇಲೆ. "ತೊಳಿಯೂದು, ಬಿಚ್ಚೂದು, ನೋಡೂದು ಎಲ್ಲಾ ನಂದು. ನೀ ಕೈ ಹಚ್ಚಬ್ಯಾಡ."

ಬಸುವಿನದೊಂದು ಪದ್ಧತಿಯಿತ್ತು. ಫಿಲ್ಟರ್ ಹಾಕಿದ ಪ್ರತಿ ಗಾಡಿಯನ್ನೂ ವಾರದ ಮೇಲೆ ಮತ್ತೆ ಕರೆಸುತ್ತಿದ್ದ. ಫಿಲ್ಟರಿನ ಹಿಂದಿನ ಪೈಪು ಬಿಚ್ಚಿ, ಹಳೆಯ ಧೋತರದ ತುಂಡನ್ನು ಬೆರಳಿಗೆ ಸುತ್ತಿ ಪೈಪಿನ ಒಳಗೆ ಒರೆಸಿ, ಆ ಅರಿವೆಯನ್ನು ಗಾಡಿಯವನ ಕೈಗೇ ಕೊಡುತ್ತಿದ್ದ. ಬೆಳ್ಳಗೆ ಬಂದರೆ ದೂಳು ದಾಟಿಲ್ಲ ಎಂದರ್ಥ. ಆಮೇಲೆ ಪೈಪು ಸೇರಿಸಿ, ಅದರ ಕೂಡಿಕೆಯನ್ನು ಸುತ್ತಿ ಹಿಡಿಯುವ ಕ್ಲಿಪ್ಪಿನ ಸ್ಕ್ರೂ ಬಿಗಿಯುತ್ತಿದ್ದ. ಹುನಗುಂದದ ಕಡೆ ಎಷ್ಟೋ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಬಸುವಿನ ಅರಿವೆ ಇರುತ್ತಿತ್ತು, ಗ್ಯಾರಂಟಿ ಕಾರ್ಡಿನ ಹಾಗೆ. ನನ್ನದೂ ಬೆಳ್ಳಗೇ ಬಂತು.

ಇನ್ನೊಬ್ಬನಿಗೆ ಅಷ್ಟು ಸಾಕಾಗುತ್ತಿತ್ತು. ನನಗೆ ಹೊಸ ಚಿಂತೆ ಹುಟ್ಟಿತು — ಅಂದು ಬೆಳ್ಳಗಿತ್ತು, ಇಂದು? ರವಿವಾರ ಸ್ಕ್ರೂಡ್ರೈವರ್ ಹಿಡಿದು ಅಂಗಳಕ್ಕಿಳಿದೆ. ಕ್ಲಿಪ್ಪು ಸಡಿಲಿಸಿ, ಕರವಸ್ತ್ರದಿಂದ ಒರೆಸಿ ನೋಡಿದೆ. ಬೆಳ್ಳಗೆ. ಮುಂದಿನ ರವಿವಾರ ಮತ್ತೆ. ನಾಲ್ಕು ರವಿವಾರ ಹೀಗೇ ನಡೆಯಿತು. ಪೂಜೆಗೆ ಕೂತವನ ಶ್ರದ್ಧೆ ನನ್ನದು.

ಐದನೆಯ ರವಿವಾರ ಪೈಪು ಸೇರಿಸಿದ್ದೆ, ಕ್ಲಿಪ್ಪು ಬಿಗಿಯುವುದು ಬಾಕಿ ಇತ್ತು. "ರೊಟ್ಟಿ ಆರಾಕತ್ತಾವ, ಬರ್ರಿ" ಎಂದು ಹೆಂಡತಿ ಕರೆದಳು. ಉಂಡು ಬಂದು ಬಿಗಿದರಾಯಿತು ಎಂದು ಬಾನೆಟ್ ಇಳಿಸಿ ಒಳಗೆ ಹೋದೆ. ಊಟದ ನಡುವೆ ಅತ್ತಿಗೆಯ ಫೋನು — ಅಣ್ಣ ಬಚ್ಚಲಲ್ಲಿ ಜಾರಿ ಬಿದ್ದಿದ್ದಾನೆ, ಮೊಣಕಾಲು ಮುರಿದಿದೆ. ಕೈ ತೊಳೆದವನೇ ಅದೇ ಕಾರಿನಲ್ಲಿ ಇಳಕಲ್ಲಿಗೆ ಹೊರಟೆ.

ಬೇಸಿಗೆ ರಜೆ. ಒಂದು ತಿಂಗಳು ಅಣ್ಣನ ಪರವಾಗಿ ಕ್ವಾರಿಗೆ ನಾನೇ ಓಡಾಡಿದೆ, ಲಾರಿಗಳ ಹಿಂದೆ, ದೂಳಿನ ಗೋಡೆಯೊಳಗೆ. ನನ್ನ ಚಿಂತೆ ಅಷ್ಟೂ ಅಣ್ಣನ ಮೊಣಕಾಲಿಗೆ ವರ್ಗವಾಗಿತ್ತು. ಬಾನೆಟ್ ಎತ್ತಲಿಲ್ಲ. ಕಾರಿನ ಸಪ್ಪಳ ದಿನೇ ದಿನೇ ಜೋರಾಯಿತು. ನಾನು — ಬರೆಯಲು ನಾಚಿಕೆ — ಖುಷಿಪಟ್ಟೆ.

ತಿಂಗಳ ಕೊನೆಗೆ ಗುಡೂರಿನ ಹತ್ತಿರ ಹೊಗೆ ಕಾರಿ ಕಾರು ನಿಂತಿತು. ಬಸುವಿನ ಗ್ಯಾರೇಜಿಗೆ ಎಳೆಸಿದೆ. ಸುದ್ದಿ ತಿಳಿದು ಅಣ್ಣನೂ ಕೋಲೂರಿಕೊಂಡು ಬಂದ. ಬಸು ಬಾನೆಟ್ ಎತ್ತಿ ಕ್ಲಿಪ್ಪಿಗೆ ಬೆರಳು ಹಚ್ಚಿದ; ಅದು ಸೊರಗಿದ ಕೈಯ ಬಳೆಯಂತೆ ತಿರುಗಿತು. ಪೈಪಿನೊಳಗೆ ಒರೆಸಿದ. ಅರಿವೆ ಕೆಂಪಾಗಿ ಬಂತು.

ನನಗೆ ಆ ಕ್ಷಣವೇ ಎಲ್ಲ ನೆನಪಾಯಿತು. ರೊಟ್ಟಿ, ಫೋನು, ಅಂಗಳದ ಕಟ್ಟೆಯ ಮೇಲೆ ಬಿಟ್ಟ ಸ್ಕ್ರೂಡ್ರೈವರು —

"ಇದನ್ನ ಯಾರು ಮಾಡಿದ್ದು?" ಅಣ್ಣ ಕೇಳಿದ.

"ಬಸು ಹಾಕಿದ್ದಣ್ಣ" ಎಂದೆ. ಅದು ಖರೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಆಮ್ಯಾಲೆ ಯಾರೂ ಮುಟ್ಟಿಲ್ಲ."

ಬಸು ನನ್ನ ಕಡೆ ನೋಡಿದ. ಆ ನೋಟದಲ್ಲಿ ಅನುಮಾನವಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ನನ್ನನ್ನು ನಂಬಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ.

"ಅರಿವಿ ಒರಸಾಕ ಬಿಚ್ಚಿದ್ನೆಲ್ರಿ ಅಣ್ಣಾರ... ತಿರುಗಿ ಹಾಕಿದಾಗ ನಾನ ಬಿಟ್ಟಿರಬೇಕು."

ಕಾಳಜಿಯಿಂದ ಮಾಡಿದ ಪರೀಕ್ಷೆಯೇ ಅವನ ಮೇಲೆ ಸಾಕ್ಷಿಯಾಯಿತು. ಅಣ್ಣ ಬೈಯಲಿಲ್ಲ. "ಅವ್ವ ಕುಂತ ಗಾಡಿ ಇದು, ಬಸು" ಎಂದಷ್ಟೇ ಹೇಳಿ ಹೊರಗೆ ಹೋದ. ಮುಂದಿನ ವಾರದಿಂದ ಅಣ್ಣನ ಲಾರಿಗಳು ಆ ಗ್ಯಾರೇಜಿನ ಮುಂದೆ ನಿಲ್ಲಲಿಲ್ಲ. ಅಣ್ಣನನ್ನು ನೋಡಿ ಕ್ವಾರಿಯ ಉಳಿದವರೂ ಬಿಟ್ಟರು. ಬಸು ಮಾತ್ರ ನನ್ನ ಇಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿಕೊಟ್ಟ, ಕೂಲಿ ಮುಟ್ಟಲಿಲ್ಲ. ನಾನು ಒತ್ತಾಯಿಸಿದೆ, ಸಜ್ಜನನ ಹಾಗೆ.

ಗಿರಾಕಿಗಳು ಹೋದರು ಎಂಬುದಲ್ಲ ದೊಡ್ಡ ಮಾತು. ಬಸು ತನ್ನ ಕೈಯನ್ನು ನಂಬುವುದನ್ನು ಬಿಟ್ಟ. ಬಿಗಿದದ್ದನ್ನು ಮತ್ತೆ ಬಿಗಿಯುತ್ತಿದ್ದನಂತೆ, ಬೋಲ್ಟು ಮುರಿಯುವ ತನಕ. ಹೊರಟ ಗಾಡಿಯನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, "ತಡೀರಿ, ಒಮ್ಮೆ ನೋಡ್ತೇನಿ" ಎನ್ನುತ್ತಿದ್ದನಂತೆ. ನನ್ನ ರೋಗ ಅವನಿಗೆ ಹತ್ತಿತ್ತು. ಅಂಟಿಸಿದವನು ನಾನು. ಎರಡು ವರ್ಷಕ್ಕೆ ಗ್ಯಾರೇಜು ಮುಚ್ಚಿದ.

ಈಗ ಅವನು ಬಾದಾಮಿಯಲ್ಲೊಂದು ಬಿಡಿಭಾಗದ ಅಂಗಡಿಯಲ್ಲಿ ಕೌಂಟರಿನ ಹಿಂದೆ ಕೂಡುತ್ತಾನೆ. ಕಳೆದ ತಿಂಗಳು ಹೋಗಿದ್ದೆ. ಆ ಶಂಕುವನ್ನು ಎಂದೋ ತೆಗೆದುಹಾಕಿದ್ದೇನೆ. ಈಗ ಕಂಪನಿಯ ಡಬ್ಬಿ, ಕಾಗದದ ಫಿಲ್ಟರು. ನಾನು ಕೇಳುವ ಮೊದಲೇ ಬಸು ಅದನ್ನು ತೆಗೆದು ಮುಂದಿಟ್ಟ.

"ನೀನ ಹಾಕಿಕೊಡೋ" ಎಂದೆ.

"ಬ್ಯಾಡ ಮಾಸ್ತರ. ಯಾರ ಕಡಿಂದರ ಹಾಕಿಸ್ಕೋ, ನನ್ನ ಕಡಿಂದ ಬ್ಯಾಡ." ಬೆರಳುಗಳನ್ನು ಕೌಂಟರಿನ ಮೇಲೆ ಚಾಚಿ ಅವುಗಳನ್ನೇ ನೋಡುತ್ತ ಅಂದ: "ಒಂದ ಮಾತು ಹೇಳ್ಲೇನು? ಆವತ್ತು ಆ ಕ್ಲಿಪ್ಪು ಬಿಗಿ ಮಾಡಿದ್ದು ಈ ಕೈಗೆ ನೆನಪೈತಿ. ಕಡೀ ಅರ್ಧ ಸುತ್ತು ಇನ್ನೂ ಬೆರಳಾಗೈತಿ. ಆದ್ರ ಬಿಗಿ ಆಗಿರಲಿಲ್ಲ, ಕಣ್ಣಿಲೆ ನೋಡೀನಿ. ಕೈನೂ ಸುಳ್ಳ ಹೇಳ್ತಾವೇನಲೇ?"

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಹೊರಬಂದದ್ದು — "ಹಳೇದ್ಯಾಕೋ ಈಗ, ಬಿಡು."

ಗುಡೂರಿನಲ್ಲಿ ಆಡಿದ್ದು ಹೆದರಿಕೆಯ ಮಾತು. ಬಾದಾಮಿಯಲ್ಲಿ ಆಡಿದ್ದಕ್ಕೆ ಹೆದರಿಕೆಯ ನೆಪವೂ ಇಲ್ಲ. ಅವನು ಕೈ ಚಾಚಿ ಕೇಳಿದ್ದ. ನಾನು ಫಿಲ್ಟರ್ ತೆಗೆದುಕೊಂಡು ಬಂದೆ.

ಬರುವ ರವಿವಾರ ಮೊದಲು ಅಣ್ಣನ ಮುಂದೆ ಇದನ್ನು ಓದುತ್ತೇನೆ. ಬಸು ತಲೆ ತಗ್ಗಿಸಿದ್ದು ಅವನ ಎದುರಿಗೆ. ಆಮೇಲೆ ಬಾದಾಮಿಗೆ. ಕ್ಷಮಿಸು ಎಂದು ಕೇಳುವುದಿಲ್ಲ — ಅದೂ ಅವನಿಂದ ಇನ್ನೊಂದು ಕೆಲಸ ಬಿಟ್ಟಿ ಮಾಡಿಸಿಕೊಂಡ ಹಾಗೆ. ಅವನು ಬೈಯಬಹುದು, ಎದ್ದು ಒಳಗೆ ಹೋಗಬಹುದು, ಇನ್ನು ನನ್ನ ಮುಖ ನೋಡದೇ ಇರಬಹುದು. ಏನೇ ಆಗಲಿ, ಅವನ ಪ್ರಶ್ನೆಗೆ ಉತ್ತರವಿದೆ, ಅದು ನನ್ನೊಬ್ಬನ ಹತ್ತಿರ ಮಾತ್ರ ಇದೆ.

ಇಲ್ಲೋ ಬಸು. ನಿನ್ನ ಕೈ ಸುಳ್ಳು ಹೇಳಿರಲಿಲ್ಲ.